ಗೇಟಕ್ಕನ ಪಾಲು

ಗೇಟು ದಾಟಿಸುವುದು ಹೊರುವ ಕೆಲಸವಲ್ಲ, ಬಾಯಿಯ ಕೆಲಸ ಎಂದು ಗೇಟಕ್ಕ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದಳು. ಹೊರುವುದಕ್ಕೆ ತಳ್ಳುಗಾಡಿ ಮಾವ ಇದ್ದ. ಹಗ್ಗ, ಗೋಣಿತಾಟು, ಹಳೆ ಕಂಬಳಿ ಎಲ್ಲ ಅವನ ಸುಪರ್ದಿಯಲ್ಲಿ. ಬಾಯಿ ಮಾತ್ರ ಅವಳದು, ಆ ಬಾಯಿಯ ಮೇಲೆ ಅವಳಿಗೆ ಎಲ್ಲಿಲ್ಲದ ನಂಬಿಕೆ. ಮುಂದಿನ ಎರಡು ಹಲ್ಲುಗಳ ನಡುವೆ ಹುಟ್ಟಿನಿಂದ ಬಂದ ಒಂದು ಕಿಂಡಿ ಇತ್ತು. ಜೋರಾಗಿ ಮಾತಾಡಿದರೆ ಅದರೊಳಗಿಂದ ಸಣ್ಣಗೆ ಸಿಳ್ಳೆ ಬರುತ್ತಿತ್ತು. ಸಿಳ್ಳೆ ಕೇಳಿಸಿತೆಂದರೆ, ಯಾರದೋ ಮನೆಯ ಗಂಟುಮೂಟೆ ಕಟ್ಟಿಸುತ್ತಿದ್ದಾಳೆ ಎಂದು ಬೀದಿಯವರಿಗೆ ಗೊತ್ತಾಗುತ್ತಿತ್ತು.

ಊರಿನ ರಸ್ತೆ ನೆಟ್ಟಗೆ ಹೋಗಿ ಒಂದು ಅಡ್ಡಗಂಬಕ್ಕೆ ಮುಟ್ಟುತ್ತದೆ. ಅದರ ಪಕ್ಕದಲ್ಲಿ ತಗಡಿನ ಮಾಡಿನ ಕಚೇರಿ, ಕಚೇರಿಯ ಮುಂದೆ ಸಾಮಾನು ಇಡುವ ಉದ್ದನೆಯ ಸಿಮೆಂಟಿನ ಕಟ್ಟೆ, ಕಟ್ಟೆ ದಾಟಿದರೆ ರಸ್ತೆಗೆ ಅಡ್ಡಲಾಗಿ ಬಳಿದ ಬಿಳಿ ಗೆರೆ. ಗೆರೆಯ ಆಚೆ ಬೇರೆ ದೇಶ. ಅಂಗಡಿ ಸಾಮಾನು ಅಲ್ಲಿಗೆ ಹೋಗುವಂತಿಲ್ಲ. ಜನರೂ ಸುಮ್ಮನೆ ಹೋಗುವಂತಿಲ್ಲ. ಮದುವೆಯಾಗಿಯೋ, ಮಕ್ಕಳ ಹತ್ತಿರ ಇರಲೆಂದೋ ವಾಸ ಬದಲಿಸುವವರು ಮಾತ್ರ ತಮ್ಮ ಮನೆಯ ಸಾಮಾನು ತೆಗೆದುಕೊಂಡು ಹೋಗಬಹುದು, ಅದೂ ಜೀವಮಾನದಲ್ಲಿ ಒಂದೇ ಸಲ. ಕಟ್ಟೆಯಿಂದ ವಾಪಸು ತಿರುಗಿದರೆ ಅನುಮತಿ ಅಲ್ಲಿಗೇ ಮುಗಿಯಿತು.

ಈಗ ಒಂದು ಬಾಣಲೆ ಮನೆಯದೋ ಅಂಗಡಿಯದೋ ಎಂದು ನೋಡಿದರೆ ಗೊತ್ತಾಗುತ್ತದೆಯೇ? ಹಳೆಯದಾಗಿ ಕಾಣಿಸಲಿ ಎಂದು ವ್ಯಾಪಾರಿಗಳು ಹೊಸ ಬಾಣಲೆಯನ್ನೂ ಒಲೆಯ ಮೇಲೆ ಸುಟ್ಟು ತರುತ್ತಿದ್ದರು. ಅದಕ್ಕೇ ಕಟ್ಟೆಯ ಅಧಿಕಾರಿಗಳು ಸಾಮಾನು ನೋಡುವುದಕ್ಕಿಂತ ಹೆಚ್ಚಾಗಿ ಮಾತು ಕೇಳುತ್ತಿದ್ದರು. ಇದು ಯಾರದು? ಈ ತಗ್ಗು ಹೇಗಾಯಿತು? ಈ ಹಿಡಿ ಯಾಕೆ ಬೇರೆ ಬಣ್ಣ? ತಡವರಿಸಿದವನು ವ್ಯಾಪಾರಿ, ಪಟ್ಟನೆ ಹೇಳಿದವನು ಮನೆಯವನು. ಗೇಟಕ್ಕನ ಅನ್ನ ಹುಟ್ಟುತ್ತಿದ್ದುದೇ ಅಲ್ಲಿ. ಗಂಟು ಕಟ್ಟುವ ಮುಂಚೆ ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ, ಒಂದೊಂದೇ ಸಾಮಾನು ಎತ್ತಿ ಹಿಡಿದು, ಅದರ ಕಥೆ ಬಾಯಿಪಾಠ ಮಾಡಿಸುತ್ತಿದ್ದಳು.

"ನಾನು ಸುಳ್ಳು ಕಲಿಸಲ್ಲ. ನಿಜನೇ ಒಗೆದು ಇಸ್ತ್ರಿ ಮಾಡಿ ಕೊಡ್ತೀನಿ" ಎನ್ನುತ್ತಿದ್ದಳು. "ಒಂದು ಸಾಮಾನಿಗೆ ಒಬ್ಬರೇ ಯಜಮಾನರು. ಅದು ನೆನಪಿರಲಿ. ಅತ್ತೆಗೂ ಸೇರಿದ್ದು, ಅಣ್ಣನಿಗೂ ಪಾಲಿದೆ ಅಂತೆಲ್ಲ ಅಲ್ಲಿ ಶುರು ಮಾಡಬೇಡಿ. ಪಾಲುದಾರರು ಇದ್ದಾರೆ ಅಂದ್ರೆ ಅವರೂ ಜೊತೆಗೆ ಬರಬೇಕು ಅಂತಾರೆ. ಸತ್ತ ಅತ್ತೇನ ಎಲ್ಲಿಂದ ಕರ್ಕೊಂಡು ಬರ್ತೀರಿ?"

ಹೀಗೆ ಅವಳು ದಾಟಿಸಿದ ಮಂಚ, ಕಪಾಟು, ತೊಟ್ಟಿಲುಗಳಿಂದ ಆಚೆ ಕಡೆ ಒಂದು ಸಣ್ಣ ಊರನ್ನೇ ತುಂಬಿಸಬಹುದಿತ್ತು. ಅವಳು ಮಾತ್ರ ಒಂದು ಸಲವೂ ಗೆರೆ ದಾಟಿರಲಿಲ್ಲ. ಆಚೆ ಅವಳಿಗೆ ನೆಂಟರಿರಲಿಲ್ಲ, ನೆಂಟರಿಲ್ಲದವರಿಗೆ ಅನುಮತಿ ಇಲ್ಲ. ಗೆರೆಯ ಹತ್ತಿರ ನಿಂತರೆ ಕಾಣುವುದು ರಸ್ತೆಯ ತಿರುವಿನವರೆಗೆ ಮಾತ್ರ. ತಿರುವಿನಲ್ಲಿ ನೀಲಿ ಬಾಗಿಲಿನ ಒಂದು ಬೇಕರಿ. ಆ ಬೇಕರಿಯ ಆಚೆ ಏನಿದೆ ಎಂದು ಯಾರಾದರೂ ಕೇಳಿದರೆ, "ಏನಿರುತ್ತೆ, ಇನ್ನೊಂದು ಬೇಕರಿ" ಎಂದು ಮೂಗು ಮುರಿಯುತ್ತಿದ್ದಳು. ಆದರೆ ಗಾಡಿಗಳು ಆ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಲ್ಲುವುದನ್ನು ತಳ್ಳುಗಾಡಿ ಮಾವ ಕಂಡಿದ್ದ. ಕಂಡೂ ಕಾಣದವನ ಹಾಗೆ ಹಗ್ಗ ಸುತ್ತುತ್ತಿದ್ದ.

ಈಗ ದಾಟಬೇಕಾಗಿದ್ದವಳು ಅವಳ ಸ್ವಂತ ತಂಗಿ.

ತಂಗಿಯ ಹೆಸರು ಏನೇ ಇರಲಿ, ನಲವತ್ತೈದು ದಾಟಿದರೂ ಎಲ್ಲರ ಬಾಯಲ್ಲಿ ಅವಳು ಪುಟ್ಟಿಯೇ. ಹೊಲಿಗೆ ಅವಳ ಕಸುಬು. ಗೇಟಿನ ಸಿಬ್ಬಂದಿಯ ಸಮವಸ್ತ್ರಗಳೆಲ್ಲ ಅವಳ ಕೈಯಿಂದಲೇ ಬಂದವು. ಕಚೇರಿಯ ನೆತ್ತಿಯ ಮೇಲಿನ ಗಡಿಯಾರ ಕೆಟ್ಟಾಗ, ಅದನ್ನು ರಿಪೇರಿ ಮಾಡಲು ಆಚೆಯಿಂದ ವಿಶೇಷ ಅನುಮತಿಯ ಮೇಲೆ ಒಬ್ಬ ಬಂದಿದ್ದ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದ್ದ ಮನುಷ್ಯ. ಏಣಿ ಇಳಿಯುವಾಗ ಮೊಳೆಗೆ ಸಿಕ್ಕಿ ಪ್ಯಾಂಟು ಹರಿಯಿತು. ಪುಟ್ಟಿ ಹೊಲಿದುಕೊಟ್ಟಳು. ಆಮೇಲೆ ಆ ಗಡಿಯಾರ ಪದೇಪದೇ ಕೆಡತೊಡಗಿತು. ರಿಪೇರಿಗೆ ಬಂದವನು ಎರಡು ದಿನ ನಡೆಯುವಷ್ಟೇ ರಿಪೇರಿ ಮಾಡಿ ಹೋಗುತ್ತಿದ್ದಾನೆ ಎಂಬುದು ಎರಡೂ ಕಡೆಯ ಕಾವಲಿನವರಿಗೆ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಕಡೆಗೆ ಗೇಟಕ್ಕನೇ ಅವನನ್ನು ಹಿಡಿದು ನಿಲ್ಲಿಸಿ, "ಅಲ್ಲಯ್ಯಾ, ಮದುವೆ ಮಾಡ್ಕೊಂಡುಬಿಡು. ಪಾಪ, ಆ ಗಡಿಯಾರನಾದರೂ ಬದುಕಿಕೊಳ್ಳಲಿ" ಎಂದಳು.

ಮದುವೆಗೆ ಪುಟ್ಟಿ ಒಪ್ಪಿದಳು, ಒಂದು ಮಾತಿನ ಮೇಲೆ.

"ಮೆಷಿನ್ ಬಂದ್ರೆ ನಾನು ಹೋಗ್ತೀನಿ. ಅದು ವಾಪಸ್ ಬಂದ್ರೆ ನಾನೂ ವಾಪಸ್. ಈ ವಯಸ್ಸಲ್ಲಿ ಒಬ್ಬರ ಹಂಗಿನ ಅನ್ನ ತಿಂದ್ಕೊಂಡು ಕೂರಕ್ಕೆ ನನ್ನಿಂದ ಆಗಲ್ಲಕ್ಕಾ."

ಮೆಷಿನ್ ಎಂದರೆ ಅವರ ಅಮ್ಮನ ಕಾಲದ, ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನು. ಆಚೆ ಕಡೆ ಅಂಥವು ಸಿಗುತ್ತಿರಲಿಲ್ಲ. ಸಿಗುತ್ತಿರಲಿಲ್ಲವಾದ್ದರಿಂದಲೇ ವ್ಯಾಪಾರಿಗಳು ಮದುಮಗಳ ಸಾಮಾನಿನ ನಡುವೆ ಹೊಲಿಗೆ ಮೆಷಿನ್ನುಗಳನ್ನು ತೂರಿಸುತ್ತಿದ್ದರು. ಹಾಗಾಗಿ ಕಟ್ಟೆಯ ಮೇಲೆ ಮೆಷಿನ್ ಕಂಡರೆ ಸಾಕು, ಅಧಿಕಾರಿಗಳ ಕಿವಿ ನೆಟ್ಟಗಾಗುತ್ತಿತ್ತು. ಸಾಲದ್ದಕ್ಕೆ, ಗೇಟಕ್ಕನ ಪಾಠಗಳನ್ನು ಅರೆನಿದ್ದೆಯಲ್ಲಿ ಕೇಳಿ ಮುದ್ರೆ ಒತ್ತುತ್ತಿದ್ದ ಹಳೆಯ ಸಾಹೇಬನಿಗೆ ವರ್ಗವಾಗಿ, ಅವನ ಜಾಗಕ್ಕೆ ಒಬ್ಬ ಹೊಸ ಮೇಡಂ ಬಂದಿದ್ದಳು. ಮೇಡಂ ನಿದ್ದೆ ಮಾಡುತ್ತಿರಲಿಲ್ಲ.

"ಯಾವ ಮೇಡಂ ಬಂದ್ರೇನು? ನೀರು ಕುಡಿದಷ್ಟು ಸುಲಭ" ಎಂದಳು ಗೇಟಕ್ಕ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಕ್ಕತಂಗಿಯರು ಮೆಷಿನ್ನಿನ ಮುಂದೆ ಕುಳಿತರು. ಉಳಿದ ಪಾತ್ರೆಪಗಡಗಳ ಪಾಠ ಮುಗಿದಿತ್ತು. ಮೆಷಿನ್ನಿನ ಮರದ ಹಲಗೆಯ ಅಂಚಿನಲ್ಲಿ, ಹೊಲಿಯುವವರ ಎಡಗೈ ಊರುವ ಜಾಗದಲ್ಲಿ, ಹಲ್ಲಿನ ಗುರುತಿತ್ತು. ಯಾವುದೋ ಹುಡುಗಿ ಹಠ ಹಿಡಿದು ಹಲಗೆಯನ್ನೇ ಕಚ್ಚಿದ್ದಳು. ಬೇಕೆಂದರೂ ಯಾವ ವ್ಯಾಪಾರಿಗೂ ಮಾಡಲು ಬಾರದ ಗುರುತು. ಗೇಟಕ್ಕನ ಕಣ್ಣು ಅದರ ಮೇಲೆ ಬಿದ್ದಿದ್ದೇ ತಡ, ಅರಳಿತು.

"ಇದನ್ನು ಕೇಳೇ ಕೇಳ್ತಾರೆ. ನೀನು ಹೇಳು: ಅಮ್ಮ ಹಬ್ಬದ ಬಟ್ಟೆ ಹೊಲಿಯೋದು ಬಿಟ್ಟು ಎದ್ದೇಳಲಿಲ್ಲ, ಹಸಿವಾಗಿ ಸಿಟ್ಟು ಬಂತು, ಕಚ್ಚಿದೆ. ಎಲ್ಲಿ, ಹೇಳು."

"ಕಚ್ಚಿದ್ದು ನೀನು ಅಲ್ವೇನಕ್ಕಾ? ನಾನಿನ್ನೂ ತೊಟ್ಟಿಲಲ್ಲಿದ್ದೆ ಅಂತ ಅಮ್ಮ ಹೇಳ್ತಿದ್ರು."

"ಅದು ಮೇಡಂಗೆ ಗೊತ್ತಾ? ಒಂದು ಸಾಮಾನಿಗೆ ಒಬ್ಬರೇ. ನಿಂದು ಅಂದ್ಮೇಲೆ ಕಚ್ಚಿದ್ದೂ ನೀನೇ."

"ನೀನು ಸುಳ್ಳು ಕಲಿಸಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯ."

"ಊರಿಗೆ ಕಲಿಸಲ್ಲ. ತಂಗಿ ಊರಲ್ಲ."

ಪುಟ್ಟಿ ಬಟ್ಟೆಯಿಂದ ಮೆಷಿನ್ನಿನ ಚಕ್ರ ಒರೆಸಿದಳು. "ಒಂದು ಸಲ ತುಳಿದು ನೋಡ್ತೀಯಾ?" ಎಂದು ಕೇಳಿದಳು. ಗೇಟಕ್ಕ ಹಗ್ಗ ಹುಡುಕುವ ನೆಪದಲ್ಲಿ ಎದ್ದುಹೋದಳು. ಅಮ್ಮನ ಮಕ್ಕಳಲ್ಲಿ ಮೊದಲು ಹೊಲಿಗೆ ಕಲಿತವಳು ಅವಳೇ. ಅಪ್ಪ ಹೋದ ಮೇಲೆ ಮನೆ ನಡೆಯಬೇಕಿತ್ತು. ಗೇಟಿನಲ್ಲಿ ಹೊರೆ ಹೊರಲು ನಿಂತಳು. ಸಂಜೆ ಬರುವಷ್ಟರಲ್ಲಿ ಬೆರಳು ಮರಗಟ್ಟಿರುತ್ತಿತ್ತು, ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಒಂದು ದಿನ ಬಂದು ನೋಡಿದರೆ ಮೆಷಿನ್ನಿನ ಮುಂದೆ ಪುಟ್ಟಿ ಕುಳಿತಿದ್ದಳು, ಅಮ್ಮ ಪಕ್ಕದಲ್ಲಿ ನಿಂತು ಬಟ್ಟೆ ಹಿಡಿದಿದ್ದರು. ಅಮ್ಮ ಅದನ್ನು ಚಿಕ್ಕವಳಿಗೆ ಕೊಟ್ಟರು ಎಂದು ಗೇಟಕ್ಕ ಅಂದುಕೊಂಡಳು. ಯಾರನ್ನೂ ಏನೂ ಕೇಳಲಿಲ್ಲ. ಅವತ್ತಿನಿಂದ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕುಳಿತಿರಲಿಲ್ಲ. ಹೊಟ್ಟೆಕಿಚ್ಚು ಎನ್ನುವಂತಿಲ್ಲ, ತಂಗಿ ಎಂದರೆ ಅವಳಿಗೆ ಪ್ರಾಣ. ಆದರೂ ಒಂದು ಮುಳ್ಳು ಒಳಗೆ ಉಳಿದುಕೊಂಡಿತ್ತು, ತುಳಿಯುವ ಸದ್ದು ಕೇಳಿದಾಗಲೆಲ್ಲ ಚುಚ್ಚುತ್ತಿತ್ತು.

ಮರುದಿನ ಬೆಳಿಗ್ಗೆ ತಳ್ಳುಗಾಡಿ ಮಾವ ಕಟ್ಟೆಯ ಮೇಲೆ ಎಲ್ಲವನ್ನೂ ಬಿಚ್ಚಿ ಹರಡಿದ. ಗೆರೆಯ ಆಚೆ ಪುಟ್ಟಿಯನ್ನು ಮದುವೆಯಾಗುವವನು, ಊರವರ ಬಾಯಲ್ಲಿ ಗಡಿಯಾರದ ಅಳಿಯ, ಒಗೆದ ಅಂಗಿ ತೊಟ್ಟು, ಒಂದು ಕೈಗಾಡಿ ಹಿಡಿದು, ಬಿಸಿಲಲ್ಲಿ ಕಾಯುತ್ತಿದ್ದ. ಪುಟ್ಟಿ ಕಟ್ಟೆಯ ಈ ಪಕ್ಕ ಒಬ್ಬಳೇ ನಿಂತಳು. ದಾಟಿಸುವವರು ಹಗ್ಗದ ಹಿಂದೆ ನಿಲ್ಲಬೇಕು ಎಂಬುದು ನಿಯಮ, ಆದ್ದರಿಂದ ಗೇಟಕ್ಕ ಹಗ್ಗದ ಹಿಂದೆ.

ಬಾಣಲೆ, ಬಕೆಟ್ಟು, ಕನ್ನಡಿ, ಹಾಸಿಗೆ ಎಲ್ಲ ಸರಾಗವಾಗಿ ಮುಗಿದವು. ಪುಟ್ಟಿ ಪಾಠ ಒಪ್ಪಿಸುತ್ತ ಹೋದಳು, ಮೇಡಂ ತಲೆಯಾಡಿಸುತ್ತ ಹೋದಳು. ಗೇಟಕ್ಕ ಮಾವನ ಕಡೆ ನೋಡಿ ಹುಬ್ಬು ಹಾರಿಸಿದಳು. ಮೇಡಂ ಮೆಷಿನ್ನಿನ ಹತ್ತಿರ ಬಂದಳು. ಚಕ್ರ ತಿರುಗಿಸಿ ನೋಡಿದಳು. ಬೆರಳು ಹಲಗೆಯ ಅಂಚಿನ ಮೇಲೆ ಹೋಗಿ ನಿಂತಿತು.

"ಇದೇನಿದು?"

"ನಾನು ಚಿಕ್ಕವಳಿದ್ದಾಗ ಕಚ್ಚಿದ್ದು. ಅಮ್ಮ ಹಬ್ಬದ ಬಟ್ಟೆ ಹೊಲಿಯೋದು ಬಿಟ್ಟು ಎದ್ದೇಳಲಿಲ್ಲ, ಹಸಿವಾಗಿ ಸಿಟ್ಟು ಬಂತು, ಕಚ್ಚಿದೆ."

ಒಂದಕ್ಷರ ಆಚೀಚೆ ಆಗಲಿಲ್ಲ. ಮೇಡಂ ಬಗ್ಗಿ ಗುರುತನ್ನು ಹತ್ತಿರದಿಂದ ನೋಡಿದಳು. ಎದ್ದು ನಿಂತು ಪುಟ್ಟಿಯ ಮುಖ ನೋಡಿದಳು.

"ಸ್ವಲ್ಪ ಹಲ್ಲು ತೋರಿಸಮ್ಮ."

ಪುಟ್ಟಿ ಪಾಪ ನಕ್ಕಳು. ಅವಳ ಹಲ್ಲು ಒತ್ತಾಗಿ ಜೋಡಿಸಿಟ್ಟ ಹಾಗಿದ್ದವು, ನಡುವೆ ದಾರ ತೂರಿಸಲೂ ಜಾಗವಿರಲಿಲ್ಲ. ಹಲಗೆಯ ಮೇಲಿನ ಗುರುತಿನ ಮಧ್ಯದಲ್ಲಿ ಮಾತ್ರ ಒಂದಿಷ್ಟು ಮರ ಹಾಗೇ ಉಬ್ಬಿ ನಿಂತಿತ್ತು.

ಊರವರ ಬಾಣಲೆಯ ತಗ್ಗುಗಳನ್ನೆಲ್ಲ ಹುಡುಕಿ ಹುಡುಕಿ ಪಾಠ ಮಾಡಿಸಿದವಳಿಗೆ ತನ್ನ ಬಾಯೊಳಗಿನ ಕಿಂಡಿಯೇ ಮರೆತುಹೋಗಿತ್ತು, ಗೇಟಕ್ಕನಿಗೆ.

"ಇದು ನಿಮ್ಮ ಹಲ್ಲಲ್ಲ" ಎಂದಳು ಮೇಡಂ. ದನಿ ಗಡುಸಾಯಿತು. "ಎಲ್ಲಿಂದ ತಂದ್ರಿ ಈ ಮೆಷಿನ್ನು? ಯಾರು ಕೊಟ್ಟು ಕಳಿಸಿದ್ರು?"

ಪುಟ್ಟಿ ಒಂದು ಕ್ಷಣ ಗೆರೆಯ ಆಚೆ ನೋಡಿದಳು, ಒಂದು ಕ್ಷಣ ಹಗ್ಗದ ಹಿಂದೆ.

"ನಮ್ಮ ಅಕ್ಕಂದು" ಎಂದಳು. "ಕಚ್ಚಿದ್ದೂ ಅವಳೇ. ಮೆಷಿನ್ನೂ ಅವಳದೇ."

"ಹಾಗಾದ್ರೆ ಇದು ಹೋಗಲ್ಲ. ಬೇರೆಯವರ ಸಾಮಾನು ನಿಮ್ಮ ಹೆಸರಲ್ಲಿ..."

"ಏಯ್!" ಗೇಟಕ್ಕನ ಸಿಳ್ಳೆ ಕಚೇರಿಯ ತಗಡಿಗೆ ಬಡಿಯಿತು. ಹಗ್ಗ ಎತ್ತಿ ಒಳಗೆ ನುಗ್ಗಿಯೇ ಬಿಟ್ಟಳು. "ಬುದ್ಧಿ ನೆಟ್ಟಗಿದೆಯಾ ನಿಂಗೆ? ನಂದು ಹೇಗಾಗುತ್ತೆ? ಅಮ್ಮ ಕೊಟ್ಟಿದ್ದು ನಿಂಗೆ!"

"ಅಮ್ಮ ನಂಗ್ಯಾವಾಗ ಕೊಟ್ರು?"

"ನಾನೇ ಕಣ್ಣಾರೆ ನೋಡಿದೀನಿ! ನೀನು ಕೂತಿದ್ದೆ, ಅಮ್ಮ ಪಕ್ಕದಲ್ಲಿ ನಿಂತಿದ್ರು."

"ನೀನು ನೋಡಿದ್ದು ಅಷ್ಟೇ. ಕೇಳಿದ್ಯಾ ಯಾವತ್ತಾದ್ರೂ?" ಎಂದೂ ದನಿ ಎತ್ತದ ಪುಟ್ಟಿಯ ದನಿ ಅವತ್ತು ಅಡ್ಡಗಂಬದವರೆಗೂ ಹೋಯಿತು. "ಅಮ್ಮ ಹೇಳಿದ್ದು ಏನು ಗೊತ್ತಾ? 'ದೊಡ್ಡವಳು ವಾಪಸ್ ಬಂದು ಕೂರೋವರೆಗೂ ನೀನು ತುಳೀತಾ ಇರು, ಎಣ್ಣೆ ಹಾಕ್ತಾ ಇರು, ತುಕ್ಕು ಹಿಡಿಯಕ್ಕೆ ಬಿಡಬೇಡ' ಅಂದ್ರು. ಇಷ್ಟು ವರ್ಷ ಎಣ್ಣೆ ಹಾಕಿದೆ. ನೀನು ಕೂತ್ಯಾ? ಸ್ಟೂಲಿಗೆ ಬೆನ್ನು ಹಾಕ್ಕೊಂಡು ಊಟ ಮಾಡ್ದೆ! ನಿನ್ನೆ ಕೂಡ ಕೇಳ್ದೆ, ಒಂದು ಸಲ ತುಳಿ ಅಂತ. ಹಗ್ಗ ಹುಡುಕಕ್ಕೆ ಹೋದೆ. ಹಗ್ಗ ನಿನ್ನ ಕೈಯಲ್ಲೇ ಇತ್ತು!"

ಗೇಟಕ್ಕನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅಷ್ಟು ವರ್ಷ ಚುಚ್ಚಿದ ಮುಳ್ಳು ತಾನೇ ಚುಚ್ಚಿಕೊಂಡದ್ದು ಎಂದು ತಿಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಮ್ಮ ತನ್ನನ್ನು ಮರೆತಿರಲಿಲ್ಲ. ಅಮ್ಮ ಕಾದಿದ್ದರು. ಆಮೇಲೆ ಪುಟ್ಟಿ ಕಾದಿದ್ದಳು.

"ಆದ್ರೂ ಅದು ನಿಂದೇ ಕಣೇ" ಎಂದಳು, ದನಿ ಒಡೆದು. "ತುಳಿದವಳು ನೀನು. ಹೊಟ್ಟೆ ಹೊರೆದಿದ್ದು ಅದರಲ್ಲಿ ನೀನು. ಹೋಗಲಿ ಬಿಡೇ, ತಗೊಂಡು ಹೋಗು."

"ನಿಂದು. ನಾನು ಒಯ್ಯಲ್ಲ."

"ನಿಂದು ಅಂದ್ನಲ್ಲ!"

"ನಿಂದೇ!"

ಅಷ್ಟು ಹೊತ್ತು ಕೈಕಟ್ಟಿ ನಿಂತಿದ್ದ ಮೇಡಂ ಮೇಜಿನ ಮೇಲಿದ್ದ ಮುದ್ರೆಯ ಹಿಡಿಯಿಂದ ಕಟ್ಟೆಯ ಮೇಲೆ ಎರಡು ಸಲ ಕುಟ್ಟಿದಳು. ಇಬ್ಬರೂ ತಿರುಗಿದರು.

"ದೊಡ್ಡವರೇ, ಬಾಯಿ ಮುಚ್ಚಬೇಡಿ. ಹಾಗೇ ಇರಿ."

ಗೇಟಕ್ಕ ತೆರೆದ ಬಾಯಿಯಲ್ಲೇ ಬೆಪ್ಪಾಗಿ ನಿಂತಳು. ಮೇಡಂ ಒಮ್ಮೆ ಹಲ್ಲಿನ ಕಿಂಡಿಯನ್ನು ನೋಡಿದಳು, ಒಮ್ಮೆ ಹಲಗೆಯ ಉಬ್ಬನ್ನು ನೋಡಿದಳು. ತುಟಿಯ ತುದಿಯಲ್ಲಿ ನಗು ತಡೆಯುತ್ತಿದ್ದುದು ಮಾವನಿಗೂ ಕಾಣಿಸಿತು.

"ಅಂಗಡಿ ಸಾಮಾನಾಗಿದ್ರೆ ಇಬ್ಬರೂ ನಂದು ನಂದು ಅಂತಿದ್ರಿ" ಎಂದಳು. "ನಿಂದು ನಿಂದು ಅಂತ ಜಗಳ ಆಡೋದನ್ನ ನಾನು ಈ ಕಟ್ಟೆ ಮೇಲೆ ಇವತ್ತೇ ನೋಡಿದ್ದು. ಮನೆ ಸಾಮಾನೇ ಇದು, ಅನುಮಾನ ಇಲ್ಲ. ಆದ್ರೆ ಒಬ್ಬರದಲ್ಲ. ಇಬ್ಬರ ಪಾಲು ಅಂತ ಹಾಕ್ತೀನಿ. ನಿಯಮ ಗೊತ್ತಲ್ಲ?"

ನಿಯಮ ಗೇಟಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಬಂದವರಿಗೆಲ್ಲ ಗಿಣಿಗೆ ಹೇಳಿದ ಹಾಗೆ ಹೇಳಿ ತಪ್ಪಿಸುತ್ತಿದ್ದುದು ಅದನ್ನೇ. ಆದರೆ ಈಗ ತಲೆಗೆ ಏನೂ ಹೋಗಲಿಲ್ಲ.

"ಪಾಲುದಾರರು ಜೊತೆಗೆ ಹೋಗಬೇಕು" ಎಂದು ಮೇಡಂ ಬಿಡಿಸಿ ಹೇಳಿದಳು. "ಸಾಮಾನು ಮನೆ ಸೇರಿಸಿ, ಗೇಟು ಮುಚ್ಚೋದ್ರೊಳಗೆ ವಾಪಸ್ ಬರಬೇಕು. ಪಾಲು ಇರೋವರೆಗೂ, ಸಾಮಾನು ನೋಡಕ್ಕೆ ಹೋಗೋ ಹಕ್ಕೂ ನಿಮಗಿರುತ್ತೆ. ಆಚೆಯವರಿಗೆ ಸರಿಯಾದ ಕಾರಣ ಹೇಳಿದ್ರೆ ಆಯ್ತು. ಏನಮ್ಮ, ಹೋಗ್ತೀರೋ ಇಲ್ವೋ?"

ಗೇಟಕ್ಕ ಮಾವನ ಕಡೆ ನೋಡಿದಳು. "ಮಾವ, ನಾನು ಚಪ್ಪಲಿ ಸಮೇತ ಹಾಗೇ ಬಂದಿದೀನಲ್ಲ. ಸೀರೆ ಬೇರೆ ಹಳೇದು."

"ಹೋಗು ಹೋಗು. ಅಲ್ಲಿ ನಿನ್ನ ಹೆಣ್ಣು ನೋಡಕ್ಕೆ ಯಾರೂ ಬಂದಿಲ್ಲ" ಎಂದ ಮಾವ, ಮುಖ ಆ ಕಡೆ ತಿರುಗಿಸಿಕೊಂಡು.

ಈ ಕಡೆಯ ಗಾಡಿ ಗೆರೆ ದಾಟುವಂತಿಲ್ಲ. ಮೆಷಿನ್ನಿನ ಒಂದು ತುದಿ ಪುಟ್ಟಿ ಹಿಡಿದಳು, ಇನ್ನೊಂದು ತುದಿ ಗೇಟಕ್ಕ. ಕಬ್ಬಿಣದ ಕಾಲುಗಳ ಭಾರಕ್ಕೆ ಪುಟ್ಟಿ ನಾಲ್ಕು ಹೆಜ್ಜೆಗೊಮ್ಮೆ ಇಳಿಸಿದಳು. ಹೊರೆ ಹೊತ್ತು ಬೆಳೆದ ಗೇಟಕ್ಕನಿಗೆ ಅದೇನೂ ಭಾರವಲ್ಲ, ಆದರೂ ಬಿಳಿ ಗೆರೆಯ ಹತ್ತಿರ ಅವಳ ಕಾಲುಗಳು ತಾವಾಗಿಯೇ ನಿಂತವು. ಅಷ್ಟು ವರ್ಷದ ಅಭ್ಯಾಸ. ಹಿಂದಿನಿಂದ ಮಾವ "ಊಂ" ಎಂದು ಗದರಿದ. ಗೆರೆ ದಾಟಿದಳು. ಆಚೆಯ ಡಾಂಬರೂ ಈಚೆಯದರಷ್ಟೇ ಬಿಸಿಯಾಗಿತ್ತು.

ಆಚೆಯ ಕಟ್ಟೆಯಲ್ಲಿ ದಪ್ಪ ಮೀಸೆಯ ಒಬ್ಬ ಅಧಿಕಾರಿ ಇದ್ದ. ಗಡಿಯಾರದ ಅಳಿಯ ಅವನ ಬೆನ್ನ ಹಿಂದೆ ನಿಂತು, ಇಬ್ಬರನ್ನೂ ನೋಡಿ, ಏನಾಯಿತೆಂದು ತಿಳಿಯದೆ ಕಣ್ಣು ಬಿಡುತ್ತಿದ್ದ. ಮೀಸೆಯವನು ಪೆನ್ನಿನಿಂದ ಮೆಷಿನ್ನಿನ ಮೇಲೆ ತಟ್ಟಿದ.

"ಯಾರದು ಇದು?"

ಆ ಪ್ರಶ್ನೆಗೆ ಊರಿಗೆಲ್ಲ ಉತ್ತರ ಕಲಿಸಿದವಳು ಗೇಟಕ್ಕ. ಆದರೆ ಇಬ್ಬರ ಸಾಮಾನಾದರೆ ಏನು ಹೇಳಬೇಕು ಎಂಬುದು ಅವಳ ಪಾಠದಲ್ಲಿರಲಿಲ್ಲ. ಪುಟ್ಟಿ ಬಾಯಿ ತೆರೆಯುವುದರೊಳಗೆ ಗೇಟಕ್ಕ ಕೈಯೆತ್ತಿ ತಡೆದಳು.

"ನಮ್ಮಿಬ್ಬರದು."

"ಇಬ್ಬರದಾದ್ರೆ ಯಾರ ಮನೇಲಿ ಇರುತ್ತೆ?"

"ಇವಳ ಮನೇಲಿ. ತುಳಿಯೋದು ಇವಳೇ."

"ಮತ್ತೆ ನಿಮ್ಮದೇನು ಇದರಲ್ಲಿ?"

ಗೇಟಕ್ಕ ತಿರುವಿನ ಕಡೆ ಒಮ್ಮೆ ನೋಡಿದಳು. ನೀಲಿ ಬಾಗಿಲಿನ ಬೇಕರಿಯ ಮುಂದೆ ಯಾರೋ ಮೆಟ್ಟಿಲು ತೊಳೆಯುತ್ತಿದ್ದರು. ಅದರಾಚೆಯ ರಸ್ತೆ ಎಡಕ್ಕೆ ತಿರುಗಿ, ಒಂದು ಸಣ್ಣ ಏರು ಹತ್ತುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು, ಇಡೀ ಕಟ್ಟೆಗೆ ಕೇಳುವ ಹಾಗೆ, ಸಿಳ್ಳೆ ಸಮೇತ ಹೇಳಿದಳು.

"ಎಣ್ಣೆ ಹಾಕೋ ಕೆಲಸ ನಂದು. ಇಷ್ಟು ವರ್ಷ ಇವಳು ಹಾಕಿದ್ದಾಳೆ, ಇನ್ಮೇಲೆ ನನ್ನ ಸರದಿ. ಹಳೇ ಮೆಷಿನ್ ಸಾರ್, ಬೇಗ ತುಕ್ಕು ಹಿಡಿಯುತ್ತೆ. ಆಗಾಗ ಬರ್ತಾ ಇರಬೇಕಾಗುತ್ತೆ, ಬರ್ಕೊಳ್ಳಿ."

ಮೀಸೆಯವನು ಬರೆದುಕೊಂಡ.